ಎಡಗಡೆಯ ಎರಡು ಅಂಕೆ

ನುರ್ಜಾತ್ ಕರಿಹಲಗೆಯ ಮೇಲೆ ರೇಡಿಯಂನ ಚಿಹ್ನೆ ಬರೆದು, ಅದರ ಎಡಗಡೆ ಮೇಲೆ 226, ಕೆಳಗೆ 88 ಎಂದು ತಡವರಿಸದೆ ಗೀಚಿದ ಕೂಡಲೇ ಸಬಿರಾ ಟೀಚರಿಗೆ ಅನುಮಾನ ಬಂತು. ನಿನ್ನೆ ಇಂಗಾಲದ ಐಸೋಟೋಪನ್ನೇ ತಲೆಕೆಳಗಾಗಿ ಬರೆದಿದ್ದ ಹುಡುಗಿ! ಇವತ್ತು ಮೇಜಿನ ಮೇಲೆ ಮನೆಯ ರೊಟ್ಟಿ ಬೇರೆ ತಂದಿಟ್ಟಿದ್ದಾಳೆ. ಆ ಊರಲ್ಲಿ ಯಾರೇ ಕೊಟ್ಟ ರೊಟ್ಟಿಯನ್ನೂ ಬೇಡವೆನ್ನುವಂತಿಲ್ಲ, ಸಬಿರಾ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಿದ್ದಳು.

“ಅಂಗೈ ತೋರಿಸು.”

ಅಂಗೈಯಲ್ಲಿ ಸೀಮೆಸುಣ್ಣದ ಪುಡಿ ಬಿಟ್ಟರೆ ಏನೂ ಇರಲಿಲ್ಲ. “ಅಂಗಿ ತೋಳೂ ಮಡಚಿಸಿ ನೋಡಿ, ಎಜೆ!” ಎಂದು ಹಿಂದಿನ ಬೆಂಚು ಕಿಸಕ್ಕೆಂದಿತು. ಅಲ್ಲಿ ಮಕ್ಕಳು ಟೀಚರನ್ನು ‘ಎಜೆ’, ಅಂದರೆ ಅಕ್ಕ, ಎಂದೇ ಕರೆಯುವುದು.

“ಕಾಪಿ ಹೊಡೆದಿಲ್ಲ, ಎಜೆ,” ನುರ್ಜಾತ್ ಮುಖ ಊದಿಸಿಕೊಂಡಳು. “ನಮ್ಮ ತಂದೂರಿ ಒಲೆ ಮುಚ್ಚಳದ ಮೇಲೆ ಹೀಗೇ ಬರೆದಿದೆ. ದಿನಾ ನೋಡ್ತೀನಲ್ಲ! ಮುಚ್ಚಿದ ಗಣಿಯಿಂದ ಅಪ್ಪ ತಂದಿದ್ದು. ಅಮ್ಮ ಬಿಸಿ ರೊಟ್ಟಿನ ಅದರ ಮೇಲೇ ಹರಡ್ತಾಳೆ.”

ಸಬಿರಾಳ ದವಡೆ ನಿಂತಿತು. ವಿಕಿರಣ ಸೂಸುವ ಧಾತುಗಳ ಪಾಠ ಮಾಡಿದವಳು ಅವಳೇ. ರೊಟ್ಟಿ ಉಗುಳುವವರನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ. ಅವಳು ಕರವಸ್ತ್ರಕ್ಕೆ ಉಗುಳಿದಳು. ತರಗತಿಯ ನಗು ಅಲ್ಲಿಗೇ ನಿಂತುಹೋಯಿತು.

“ಈ ರೊಟ್ಟಿ ಇನ್ಯಾರ್ಯಾರು ತಿಂತಾರೆ?”

“ಎಲ್ಲರೂ, ಎಜೆ. ಬಜಾರಲ್ಲಿ ರೊಟ್ಟಿ ಮಾರೋದು ನಮ್ಮಮ್ಮನೇ ಅಲ್ವಾ?”