ಬೆರಳಗಲದ ಬೆಂಡು

"ಆ ಬೆಂಡಿನ ತುಂಡು ಅಲ್ಲೇ ಇರಲಿ ಮೇಡಂ. ಫೋನಿಗೂ ಮೈಗೂ ಬೆರಳಗಲ ಅಂತರ ಬಿಟ್ಟು ವಿಕಿರಣ ಅಳೆಯೋದೇ ಪದ್ಧತಿ," ಎಂದ ಫೋನ್ ಕಂಪನಿಯವನು. ಸರ್ಕಾರಿ ಪ್ರಯೋಗಾಲಯದ ಮೇಜಿನ ಮೇಲೆ, ನಮ್ಮ ಮೈಯಂತೆಯೇ ವಿಕಿರಣ ಹೀರುವ ದ್ರವ ತುಂಬಿದ ಬೊಂಬೆ ಅಂಗಾತ ಮಲಗಿತ್ತು; ಅದರ ಎದೆಗೂ ಫೋನಿಗೂ ನಡುವೆ ಬೆಂಡಿತ್ತು.

ಈ ಮಾತು ಕೇಳಿ ಕೇಳಿ ತಪಾಸಣಾಧಿಕಾರಿಯ ಕಿವಿ ತೂತು ಬಿದ್ದಿತ್ತು. "ನಿಮ್ಮ ಗಿರಾಕಿಗಳು ಜೇಬಿನೊಳಗೆ ಬೆಂಡಿಟ್ಟು ಅಂಗಿ ಹೊಲಿಸ್ಕೋತಾರಾ?" ಎಂದು ನಕ್ಕಳು.

"ಅಯ್ಯೋ, ನಾನೇ ಇದನ್ನ ಬಳಸ್ತೀನಿ!" ಎನ್ನುವಷ್ಟರಲ್ಲಿ ಅವನ ಎದೆಯ ಜೇಬು ಗುಂಯ್‌ಗುಟ್ಟಿತು. "ಆಮೇಲೆ ಮಾಡ್ತೀನಿ ಪುಟ್ಟಿ," ಎಂದು ಮಗಳ ಕರೆ ಮುಗಿಸಿದ.

ಅಷ್ಟರೊಳಗೆ ಆಕೆ ಬೆಂಡನ್ನು ಕಿತ್ತೆಸೆದು, ಅದೇ ಮಾದರಿಯ ಫೋನನ್ನು ಬೊಂಬೆಯ ಎದೆಗೊತ್ತಿ ಪಟ್ಟಿ ಬಿಗಿದಿದ್ದಳು. "ಮಿತಿ ದಾಟಿದ್ರೆ ಮಾರಾಟ ಬಂದ್."

ಯಂತ್ರ ಇನ್ನೂ ಶುರುವಾಗಿರಲಿಲ್ಲ. ತನ್ನ ಫೋನು ಹಿಡಿದು ಜೇಬಿನತ್ತ ಹೋದ ಅವನ ಕೈ ಅಲ್ಲೇ ನಿಂತಿತು. ಫೋನನ್ನು ಮೇಜಿನ ಮೇಲಿಟ್ಟ.