ಐಸಿನಡಿಯ ರಕ್ತ

ದೋಣಿ ನಡೆಸುವ ಓಡೆರಾ ಐಸಿನ ರಾಶಿಯ ತಳದಿಂದ ಎಳೆದುಕೊಟ್ಟ ರಕ್ತದ ಚೀಲ ಕಲ್ಲಿನಂತೆ ಗಟ್ಟಿಯಾಗಿತ್ತು. ವಿಕ್ಟೋರಿಯಾ ಸರೋವರದ ಈ ದ್ವೀಪದ ಆಸ್ಪತ್ರೆಗೆ ರಕ್ತ ತರಲು ಮೀನು ಮಾರುವ ಹೆಂಗಸರು ಮೀನಿಗೆ ಐಸ್ ತರುವ ತಮ್ಮ ದೋಣಿಯಲ್ಲಿ ಜಾಗ ಕೊಡಲು ಒಪ್ಪಿದ ಮೇಲೆ ಬಂದ ಮೊದಲ ಚೀಲವದು. ಆಸ್ಪತ್ರೆಯೊಳಗೆ, ಆಗಷ್ಟೇ ಹೆತ್ತ ಹೆಂಗಸೊಬ್ಬಳ ರಕ್ತಸ್ರಾವ ನಿಂತಿರಲಿಲ್ಲ.

"ಒಳ್ಳೇ ಮೀನಿನ ಹಾಗೆ ನೋಡ್ಕೋ ಅಂದಿದ್ರಲ್ಲ ಸಿಸ್ಟರ್, ಅದಕ್ಕೇ ಅಡೀಲಿಟ್ಟೆ. ಕರಗಿಸಿದ್ರೆ ಆಗಲ್ವಾ?"

"ಐಸಾದ ರಕ್ತದ ಕಣ ಒಡೆದಿರುತ್ತೆ, ಕರಗಿದ್ರೂ ಅದು ವಿಷಾನೇ ಕಣೋ," ಎಂದಳು ನರ್ಸ್ ಅಪಿಯೊ. ಮೀನಿನ ಹಾಗೆ ನೋಡ್ಕೋ ಎಂದು ಅವನಿಗೆ ಹೇಳಿದ್ದವಳು ತಾನೇ.

ದಡದಲ್ಲಿ ಬುಟ್ಟಿಗಟ್ಟಲೆ ಮೀನಿಟ್ಟುಕೊಂಡು ಐಸಿಗೆ ಕಾದಿದ್ದ ಹೆಂಗಸರಿಗೂ ಈ ಮಾತು ಕೇಳಿಸಿತು. ಅವರ ಮುಖಂಡೆ ಅವೂರ್ ದೋಣಿ ಹತ್ತಿ, ಸಲಿಕೆಯಿಂದ ಐಸನ್ನು ನೀರಿಗೆ ತಳ್ಳತೊಡಗಿದಳು.

"ಅಮ್ಮಾ, ನಿಮ್ಮ ಮೀನು ಕೊಳೆತುಹೋಗುತ್ತೆ!" ಎಂದ ಓಡೆರಾ.

"ಐಸನ್ನ ದಡಕ್ಕೆ ಇಳಿಸ್ತಾ ಕೂತ್ರೆ ಆ ಬಾಣಂತಿ ಉಳೀತಾಳಾ? ಬಾಯ್ಮುಚ್ಕೊಂಡು ಎಂಜಿನ್ ಚಾಲೂ ಮಾಡು. ಅವಳನ್ನ ಆಚೆ ದಡದ ದೊಡ್ಡಾಸ್ಪತ್ರೆಗೆ ಹಾಕ್ಕೊಂಡು ಹೋಗೋಣ."

ಉಳಿದವರು ನೀರಿಗಿಳಿದು ಬರಿಗೈಯಲ್ಲೇ ಐಸ್ ಎತ್ತಿ ಎಸೆಯತೊಡಗಿದರು.