ಮುಚ್ಚದೆ ಬಿಟ್ಟ ಫರ್ಸಿಕಲ್ಲು

ನಮ್ಮ ಧಾರವಾಡದಲ್ಲಿ ಸದ್ದಿಗೆ ತೂಕ ಬಂದು ಏಳು ವರ್ಷವಾಯಿತು. ಆಡಿದ್ದು, ಹಾಡಿದ್ದು ಎಲ್ಲ ನೆಲದ ಫರ್ಸಿಕಲ್ಲಿನ ಸಂದಿಯಿಂದ ಸೋರಿ ಕೆಳಮನೆಗೆ ಉದುರುತ್ತದೆ; ಅಲ್ಲಿಯವರು ಬೆಳಿಗ್ಗೆ ಎದ್ದು ಗುಡಿಸಬೇಕು. ಮೇಲಿನ ಮನೆಯ ಮಿಕ್ಸರ್ ಸದ್ದು ನನ್ನ ರೆಕಾರ್ಡಿಂಗ್ ಮೇಲೆ ಬಿದ್ದು ಬಿದ್ದು ಸಾಕಾಗಿ, ಹಾಡುವ ಕೋಣೆಯ ಸೀಲಿಂಗಿಗೂ ನೆಲಕ್ಕೂ ಸದ್ದು ತಡೆಯುವ ದಪ್ಪ ನಾರಿನ ಹಾಸು ಹೊಡೆಸಲು ಬಡಿಗೇರ ಈರಣ್ಣನನ್ನು ಕರೆಸಿದೆ.

ಸೀಲಿಂಗ್ ಮುಗಿದು ನೆಲದ ಕೆಲಸ ಶುರುವಾದಾಗ, ಕೆಳಮನೆಯ ಜೈನಾಬಿ ಬಿಸ್ಕೀಟಿನ ಡಬ್ಬಿ ಹಿಡಿದು ಬಂದಳು. ನನಗೆ ನಾಚಿಕೆಯಾಯಿತು.

"ಏಳು ವರ್ಷ ನನ್ನ ಕಸ ಬಳದೀ. ಒಮ್ಮೆನೂ ಬೈಲಿಲ್ಲಲ್ಲ, ಜೈನಾಬಿ!"

"ಸ್ವರ ತಪ್ಪಿದ್ದನ್ನ ಬಳದು ಚೆಲ್ಲೀನ್ರಿ, ಅಕ್ಕಾರ. ಛಲೋ ಬಂದಿದ್ದೆಲ್ಲಾ ಇದ್ರಾಗ ಐತಿ," ಎಂದು ಅವಳು ಮುಚ್ಚಳ ತೆಗೆದಳು.

ಯಾವುದೋ ಮುಂಜಾನೆ ನಾನು ಹಾಡಿ ಮರೆತೇಬಿಟ್ಟಿದ್ದ ತೋಡಿ ರಾಗ, ಒಂದು ಸ್ವರವೂ ಅಲುಗದೆ, ಡಬ್ಬಿಯೊಳಗಿಂದ ಕೇಳಿಸಿತು. ಅಷ್ಟು ಚೆನ್ನಾಗಿ ಹಾಡಿದ್ದೆನೆಂದು ನನಗೇ ಗೊತ್ತಿರಲಿಲ್ಲ. ಕಣ್ಣು ತುಂಬಿತು.

"ಈರಣ್ಣ, ಕಿಟಕಿ ಹತ್ರ ಒಂದ ಒಂದು ಕಲ್ಲು ಮುಚ್ಚಬ್ಯಾಡ," ಅಂದೆ.

ಈಗ ಸ್ವರ ತಪ್ಪುವಷ್ಟು ದಿನ ಹಾಸಿನ ಮೇಲೆ ಕೂತು ತಪ್ಪುತ್ತೇನೆ. ರಾಗ ಹಿಡಿತಕ್ಕೆ ಬಂದ ದಿನ ಆ ಕಲ್ಲಿನ ಮೇಲೆ ಕೂತು ಹಾಡುತ್ತೇನೆ. ಕೆಳಗೆ ಜೈನಾಬಿ ಡಬ್ಬಿ ತೆರೆದಿಟ್ಟಿರುತ್ತಾಳೆ.